ಗಾಜಿಗೆ ಅಂಟಿದ ನಕ್ಷತ್ರ

ಬೆಳಗಿನ ಕಾಫಿ ಹಿಡಿದು ಅಕ್ವೇರಿಯಂ ಮುಂದೆ ಕುಳಿತ ಆರ್ವಿಡ್ ಲ್ಯಾಂಪಿನೆನ್‌ಗೆ ಗಾಜಿನ ಮೇಲೆ ಏನೋ ಅಂಟಿಕೊಂಡಂತೆ ಕಂಡಿತು. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಮಾಸಲು ಬಿಳಿ. ಉಪ್ಪಿನ ಹರಳಿರಬೇಕು ಎಂದುಕೊಂಡು ಉಗುರಿನಿಂದ ಕೆರೆದ. ಹೋಗಲಿಲ್ಲ. ಅದು ಗಾಜಿನ ಒಳಬದಿಗಿತ್ತು. ಅವನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು.

ಆರ್ವಿಡ್ ಗಾಬರಿಯಿಂದ ಕಾಫಿ ಲೋಟ ಕೆಳಗಿಟ್ಟ.

ಬೇರೆ ಯಾವುದಾದರೂ ವಾರ ಆಗಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲವೇನೋ. ಆದರೆ ಹಿಂದಿನ ದಿನವಷ್ಟೇ ನಡೀನ್ ಟ್ರೆವಾರೊ ಫೋನ್ ಮಾಡಿದ್ದಳು. "ಟ್ಯಾಂಕ್ ರೆಡಿ ಆಯ್ತು ಕಣೋ. ಭಾನುವಾರ ಚರ್ಚ್ ಮುಗಿಸ್ಕೊಂಡು ಬರ್ತೀನಿ, ನನ್ನ ಕೂಸನ್ನ ಮನೆಗೆ ಕರ್ಕೊಂಡು ಹೋಗ್ತೀನಿ" ಎಂದಿದ್ದಳು. ಕೂಸು ಅಂದರೆ ಹವಳ. ಕೊಂಬೆ ಕೊಂಬೆಯಾಗಿ ಹರಡಿ, ಮೈಯೆಲ್ಲ ನೇರಳೆ, ತುದಿಗಳು ಮಾತ್ರ ಎಳೆ ಹಸಿರು. ಮ್ಯೂನಿಸಿಂಗ್ ಊರಿನ ಹವಳದ ಹುಚ್ಚರೆಲ್ಲ ಅದನ್ನು ಕರೆಯುತ್ತಿದ್ದದ್ದು 'ನಡೀನಳ ನೇರಳೆ' ಅಂತಲೇ.

ಕಿಟಕಿಯಾಚೆ ಸುಪೀರಿಯರ್ ಸರೋವರದಂಥ ಸಿಹಿನೀರಿನ ಸಮುದ್ರವನ್ನೇ ಇಟ್ಟುಕೊಂಡು, ಮನೆಯೊಳಗೆ ಬಕೆಟ್ಟಿನಲ್ಲಿ ಉಪ್ಪು ಕದಡುತ್ತ ಕೂರುವವರನ್ನು ಹುಚ್ಚರೆನ್ನದೆ ಇನ್ನೇನೆನ್ನಬೇಕು? ಆದರೆ ಹುಚ್ಚಿನಲ್ಲೂ ಅವರಿಗೊಂದು ನೇಮವಿತ್ತು. ತನ್ನಲ್ಲಿರುವ ಅತ್ಯಂತ ಪ್ರೀತಿಯ ಹವಳದ ಒಂದು ತುಂಡನ್ನು, ನಂಬಿಕೆಯ ಒಬ್ಬರ ಮನೆಯಲ್ಲಿ ಬೆಳೆಯಲು ಕೊಟ್ಟಿರಬೇಕು. ನನ್ನ ಮನೆಯದು ಸತ್ತರೆ ನಿನ್ನ ಮನೆಯದು ಉಳಿಯುತ್ತದೆ, ಆಗ ಅದರಲ್ಲಿ ಒಂದು ತುಂಡು ನನಗೆ ಮರಳಿಸು. ಕಾಗದವಿಲ್ಲ, ಸಾಕ್ಷಿಯಿಲ್ಲ. ನಡೀನ್ ತನ್ನ ನೇರಳೆಯ ಬೆರಳುದ್ದದ ತುಂಡನ್ನು ಕೊಟ್ಟದ್ದು ಊರಿಗೆಲ್ಲ ಅಂಚೆ ಹಂಚಿ ನಿವೃತ್ತನಾದ ಆರ್ವಿಡ್‌ಗೆ. ಅವನಿಗೊಬ್ಬನಿಗೇ.

ಕಳೆದ ಚಳಿಗಾಲದಲ್ಲಿ ಮಂಜಿನ ಮಳೆ ಸುರಿದು, ಮರಗಳು ಮುರಿದು ವಿದ್ಯುತ್ ತಂತಿಗಳ ಮೇಲೆ ಬಿದ್ದು, ದಿನಗಟ್ಟಲೆ ಊರಿಗೆ ಕರೆಂಟ್ ಇರಲಿಲ್ಲ. ನಡೀನ್ ಆಗ ಗ್ರೀನ್ ಬೇಯಲ್ಲಿ ಮಗಳ ಮನೆಯಲ್ಲಿದ್ದಳು. ರಸ್ತೆ ತೆರೆದು ಅವಳು ಮನೆಗೆ ಬರುವಷ್ಟರಲ್ಲಿ ಟ್ಯಾಂಕಿನ ನೀರು ಹಾಲಿನಂತೆ ಬೆಳ್ಳಗಾಗಿತ್ತು, ವಾಸನೆ ಬೀದಿಗೆ ಬರುತ್ತಿತ್ತು. ಮೀನು, ಹವಳ, ಸಿಗಡಿ, ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಸಾಕಿದ್ದೆಲ್ಲ ಹೋಗಿತ್ತು. ನೇರಳೆ ಎಂಬುದು ಈಗ ಜಗತ್ತಿನಲ್ಲಿ ಉಳಿದಿದ್ದರೆ ಅದು ಆರ್ವಿಡ್‌ನ ಟ್ಯಾಂಕಿನಲ್ಲಿ ಮಾತ್ರ. ಅದನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಬೆರಳುದ್ದದ್ದು ಈಗ ಅಂಗೈಯಗಲವಾಗಿತ್ತು.

ಈಗ, ಒಪ್ಪಿಸುವ ವಾರದಲ್ಲಿ, ಗಾಜಿನ ಮೇಲೆ ಇದು.

ಅವನು ಭೂತಗನ್ನಡಿ ತಂದ. ಅದಕ್ಕೆ ಕಾಲುಗಳಿದ್ದವು. ನಕ್ಷತ್ರದಂತೆ ಹರಡಿದ ಕಾಲುಗಳು, ಆದರೆ ಒಂದೊಂದೂ ಒಂದೊಂದು ಅಳತೆ: ಈ ಕಡೆಯವು ಉದ್ದ, ಆ ಕಡೆಯವು ಆಗ ತಾನೇ ಮೊಳೆತ ಹಲ್ಲಿನಂತೆ ಗಿಡ್ಡ. ಅದರ ಪಕ್ಕದಲ್ಲಿ ಇನ್ನೊಂದು. ಮೂಲೆಯಲ್ಲಿ ಮತ್ತೊಂದು. ಅವುಗಳ ನಡುವೆ ಚಿಗಟಗಳ ಹಾಗೆ ಏನೋ ಬಿಳಿಯ ಕಣಗಳು ಪುಟಪುಟನೆ ಓಡಾಡುತ್ತಿದ್ದವು. ಒಂದನ್ನು ಕಂಡವನಿಗೆ ಈಗ ಎಲ್ಲೆಲ್ಲೂ ಅವೇ ಕಾಣತೊಡಗಿದವು.

"ಡೊರೀನ್! ಇಲ್ಲಿ ಬಾರೇ, ಬೇಗ!"

ಹೆಂಡತಿ ಡೊರೀನ್ ಕೈಯಲ್ಲಿದ್ದ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. ಬಗ್ಗಿ ನೋಡಿದಳು.

"ನಂಗೇನೂ ಕಾಣಿಸ್ತಿಲ್ಲ."

"ಕಾಲಿದೆ ಅದಕ್ಕೆ!"

"ಇದ್ರೆ ಇರ್ಲಿ ಬಿಡು. ನಿಂಗೂ ಇದೆ. ಅದನ್ನ ಒಂಚೂರು ಉಪಯೋಗಿಸಿ ಹೊರಗಿನ ಹಿಮ ತೆಗೆದಿದ್ರೆ ಚೆನ್ನಾಗಿತ್ತು."

ಆರ್ವಿಡ್‌ಗೆ ನಗು ಬರಲಿಲ್ಲ. ಫೋಟೋ ತೆಗೆದು ತಮ್ಮ ಹವಳದವರ ಗುಂಪಿಗೆ ಹಾಕಿದ. ಕಾಫಿ ಆರುವ ಮೊದಲೇ ಉತ್ತರಗಳು ಬಂದವು. ಒಬ್ಬ, ಪಾಪದ ಪ್ರಾಣಿ, ಪಾಚಿ ತಿಂದುಕೊಂಡಿರುತ್ತದೆ, ಬಿಡು ಎಂದ. ಇನ್ನೊಬ್ಬಳು, ನನ್ನ ಟ್ಯಾಂಕಿನ ಹವಳವನ್ನೆಲ್ಲ ಬೋಳಿಸಿ ಹಾಕಿದ್ದು ಇವೇ, ಇವತ್ತೇ ಕಿತ್ತು ಬಿಸಾಡು ಎಂದಳು. ಅವನ್ನು ಕತ್ತರಿಸಬೇಡ, ಒಂದು ಎರಡಾಗುತ್ತದೆ ಎಂದು ಮೂರನೆಯವನ ಎಚ್ಚರಿಕೆ. ನಾಲ್ಕನೆಯವನು, ಟ್ಯಾಂಕ್ ಮಾರಿ ನಾಯಿ ಸಾಕು ಎಂದ. ಪಾಪದ ಪ್ರಾಣಿ ಎಂದವರೇ ಹೆಚ್ಚು ಮಂದಿ ಇದ್ದರು. ಆದರೆ ಹೆದರಿದವನ ಕಿವಿಗೆ ಒಳ್ಳೆಯ ಮಾತು ಇಳಿಯುವುದುಂಟೇ? 'ಬೋಳಿಸಿ ಹಾಕಿದ್ದು' ಎಂಬ ಒಂದೇ ಮಾತು ಅವನ ತಲೆ ಹೊಕ್ಕು ಕೂತಿತು.

ಇಂಥವನ್ನೆಲ್ಲ ನೋಡಿದ ಕೂಡಲೇ ಇದು ಇಂಥದು ಎಂದು ಹೇಳಬಲ್ಲ ಒಬ್ಬಳು ಊರಿನಲ್ಲಿದ್ದಳು. ಅವಳು ನಡೀನ್. ಅವಳನ್ನೊಬ್ಬಳನ್ನು ಬಿಟ್ಟು ಆರ್ವಿಡ್ ಎಲ್ಲರನ್ನೂ ಕೇಳಿದ. ಪುಣ್ಯಕ್ಕೆ ನಡೀನ್‌ಗೆ ಆ ಗುಂಪಿನ ಗೋಜಿರಲಿಲ್ಲ. ಎಲ್ಲ ಕಳೆದುಕೊಂಡು ಈಗಷ್ಟೇ ಚೇತರಿಸಿಕೊಂಡು ಹೊಸ ಟ್ಯಾಂಕ್ ಕಟ್ಟಿದವಳ ಹತ್ತಿರ, ನಿನ್ನ ಕೂಸಿಗೆ ಹುಳ ಬಿದ್ದಿದೆ ಅಂತ ಯಾವ ಬಾಯಲ್ಲಿ ಹೇಳುವುದು?

ಅಂದಿನಿಂದ ಅವನ ಬೇಟೆ ಶುರುವಾಯಿತು. ಚಿಮಟ ಹಿಡಿದು ಒಂದೊಂದನ್ನೇ ಗಾಜಿನಿಂದ ಕಿತ್ತ. ಸಿಂಕಿಗೆ ಹಾಕಿದರೆ ಎಲ್ಲಿ ಬದುಕಿ ವಾಪಸು ಬರುತ್ತವೋ ಎಂದು ಡೊರೀನಳ ಉಪ್ಪಿನಕಾಯಿ ಜಾಡಿಗೆ ವಿನೆಗರ್ ಸುರಿದು ಅದರಲ್ಲಿ ಮುಳುಗಿಸಿದ. ಟರ್ಕಿ ಕೋಳಿಗೆ ರಸ ಹೊಯ್ಯುವ ಪಿಚಕಾರಿ ತಂದು ಹವಳದ ಕೊಂಬೆಗಳ ಸಂದಿಗೆಲ್ಲ ಭರ್ರನೆ ನೀರು ಬಿಟ್ಟ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮನಸ್ಸು ತಡೆಯದೆ ಸಂಜೆ ಮತ್ತೊಮ್ಮೆ.

"ಹಬ್ಬಕ್ಕೆ ಅದೇ ಪಿಚಕಾರೀಲಿ ನಿನ್ನ ತಟ್ಟೆಗೆ ರಸ ಬಿಡ್ತೀನಿ, ತಾಳು" ಎಂದಳು ಡೊರೀನ್.

ಮಾರನೆಯ ದಿನ ನೋಡಿದರೆ ಗಾಜಿನ ಮೇಲೆ ಮತ್ತೆ ನಕ್ಷತ್ರಗಳು. ಕೀಳುವುದಕ್ಕಿಂತ ಬೇಗ ಹುಟ್ಟುತ್ತವೇನೋ ಎನ್ನಿಸಿತು. ಊಟ ಸೇರಲಿಲ್ಲ. ಫೋನ್ ರಿಂಗಾದರೆ ನಡೀನಳೇ ಇರಬೇಕೆಂದು ಬೆಚ್ಚಿಬೀಳುತ್ತಿದ್ದ. ಅದರ ಮಾರನೆಯ ದಿನವಂತೂ ಕಾಣಬಾರದ್ದು ಕಂಡಿತು. ನೇರಳೆಯ ಬುಡದಲ್ಲಿ, ಬಂಡೆಗೆ ಅಂಟಿಕೊಳ್ಳುವ ಜಾಗದಲ್ಲಿ, ಉಗುರಿನಷ್ಟು ಜಾಗ ಬಿಳಿಚಿತ್ತು. ಆ ಬಿಳಿಯ ಅಂಚಿನಲ್ಲಿ ಒಂದು ನಕ್ಷತ್ರ ಆರಾಮಾಗಿ ಕೂತಿತ್ತು.

"ತಿಂತಿದೆ" ಎಂದ ಆರ್ವಿಡ್. ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ಹವಳ ಸಾಕದವರು ಯಾರೂ ಮಾಡಲಾರರು. ಬೇರೆಯವರು ಹೆದರಿದರೆ ಕೈಕಟ್ಟಿ ಕೂರುತ್ತಾರೆ, ಹವಳದವರು ಹೆದರಿದರೆ ಔಷಧದ ಬಾಟಲಿ ತೆಗೆಯುತ್ತಾರೆ. ಹುಳ ಹೊಕ್ಕ ಹವಳವನ್ನು ಔಷಧದ ನೀರಿನಲ್ಲಿ ಅದ್ದಿ ಕೊಡುವುದು ಅವರಲ್ಲಿ ಮರ್ಯಾದೆ. ಅದ್ದದೆ ಕೊಡುವವನನ್ನು ಗುಂಪಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಆರ್ವಿಡ್ ಇಕ್ಕಳ ತಂದು ನೇರಳೆಯನ್ನು ನಡುವಿಗೆ ಎರಡಾಗಿ ತುಂಡರಿಸಿದ. ಟಕ್ ಎಂದ ಸದ್ದು ಅವನ ಹಲ್ಲಿಗೆ ಹತ್ತಿತು. ಇಡಿಯಾಗಿ ಅದ್ದಲು ಧೈರ್ಯ ಸಾಲಲಿಲ್ಲ. ಒಳ್ಳೆಯ ಅರ್ಧವನ್ನು ಶುದ್ಧ ಮಾಡಿ ನಡೀನ್‌ಗೆ ಕೊಡುವುದು, ಬುಡ ಬಿಳಿಚಿದ ಅರ್ಧವನ್ನು ತಾನಿಟ್ಟುಕೊಳ್ಳುವುದು, ಇದು ಅವನ ಲೆಕ್ಕ.

ದೇವದಾರು ಎಣ್ಣೆಯ ವಾಸನೆ ಹೊಡೆಯುವ ಔಷಧ ಅದು. ಬಾಟಲಿಯ ಮೇಲೆ ಎಷ್ಟು ಹಾಕಬೇಕೆಂದು ಬರೆದಿತ್ತು. ಆರ್ವಿಡ್ ಅದಕ್ಕಿಂತ ಒಂದು ಮುಚ್ಚಳ ಜಾಸ್ತಿ ಹಾಕಿದ. ಎಷ್ಟು ಹೊತ್ತು ಎಂದೂ ಬರೆದಿತ್ತು. ಒಂದೂ ಜೀವ ಉಳಿಯಬಾರದೆಂದು ಇನ್ನೂ ತುಸು ಹೊತ್ತು ಬಿಟ್ಟ. ಬಿಳಿ ಕಣಗಳು ಸತ್ತು ತಳಕ್ಕೆ ಇಳಿಯುತ್ತಿದ್ದುದನ್ನು ಕಂಡು ಆ ವಾರದಲ್ಲಿ ಮೊದಲ ಬಾರಿಗೆ ಅವನಿಗೆ ನೆಮ್ಮದಿಯಾಯಿತು. ತೊಳೆದು, ಬೇರೆ ಪುಟ್ಟ ತೊಟ್ಟಿಯಲ್ಲಿಟ್ಟ.

ಶನಿವಾರ ಬೆಳಿಗ್ಗೆ ಆ ತೊಟ್ಟಿಯ ನೀರು ಕದಡಿತ್ತು. ನೇರಳೆಯ ಚರ್ಮ ಎಳೆಎಳೆಯಾಗಿ ಕಿತ್ತು ತೇಲುತ್ತಿತ್ತು. ಆರ್ವಿಡ್ ನೀರು ಬದಲಿಸಿದ, ಗಾಳಿ ಬಿಟ್ಟ, ದೀಪ ಆರಿಸಿದ, ಹಚ್ಚಿದ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಬರೀ ಬಿಳಿ ಎಲುಬು.

ಅವನು ಕುರ್ಚಿಯಲ್ಲಿ ಕುಸಿದು ಕೂತ. ಡೊರೀನ್ ಬಂದು ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟಳು.

"ಇನ್ನರ್ಧ ಇದೆಯಲ್ಲ."

"ಅದಕ್ಕೂ ಹುಳ ಹತ್ತಿದೆ. ಅದೂ ಹೋದ್ರೆ ಮುಗೀತು. ಎಲ್ಲೂ ಇಲ್ಲ ಅದು, ಡೊರೀನ್. ಜಗತ್ತಲ್ಲೇ ಇಲ್ಲ."

"ಒಂದು ಮಾತು ಹೇಳ್ಲಾ? ಇದು ಎರಡಾಗಿತ್ತು ಅಂತ ಅವಳಿಗೆ ಗೊತ್ತಿಲ್ಲ. ಇರೋದನ್ನ ಕೊಟ್ಟು ಕಳ್ಸು. ಇಷ್ಟೇ ಬೆಳ್ದಿದ್ದು ಅನ್ನು. ಪಾಪ, ಅವಳಿಗೂ ನೋವಾಗಲ್ಲ, ನಿನ್ನ ಮರ್ಯಾದೆನೂ ಉಳಿಯುತ್ತೆ."

ಆರ್ವಿಡ್ ಇಲ್ಲ ಎನ್ನಲಿಲ್ಲ. ಬಿಳಿ ಎಲುಬನ್ನು ಪತ್ರಿಕೆಯಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದ. ಉಳಿದ ಅರ್ಧದ ಮುಂದೆ ಕೂತು, ಕಾಣಿಸಿದ ನಕ್ಷತ್ರಗಳನ್ನೆಲ್ಲ ಕಿತ್ತು ಜಾಡಿಗೆ ಹಾಕುತ್ತಲೇ ಹೋದ.

ಭಾನುವಾರ ನಡೀನ್ ಬಂದಳು. ಜಿಲ್ಲೆಯ ಹಿಮ ತೆಗೆಯುವ ಲಾರಿಯನ್ನು ಆಯುಷ್ಯವೆಲ್ಲ ಓಡಿಸಿದ ಗಟ್ಟಿ ಹೆಂಗಸು. ಒಂದು ಕೈಯಲ್ಲಿ ಮುಚ್ಚಳದ ಬಕೆಟ್, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಬಿಸಿ ಪಾಸ್ಟಿಗಳು. ಗೋಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಆ ಕಡುಬುಗಳ ವಾಸನೆಗೆ ಡೊರೀನ್ ಅಡುಗೆಮನೆಯಿಂದಲೇ ಕೂಗಿದಳು.

"ಟರ್ನಿಪ್ ಹಾಕಿದೀಯಾ, ಈ ಸಲಾನೂ ಮರೆತ್ಯಾ?"

"ಹಾಕಿದೀನಿ ಮಾರಾಯ್ತಿ. ಮೊದ್ಲು ಕೂಸನ್ನ ನೋಡ್ತೀನಿ, ಆಮೇಲೆ ತಿಂಡಿ" ಎನ್ನುತ್ತ ನಡೀನ್ ಬೂಟು ಕಳಚಿ ಸೀದಾ ಟ್ಯಾಂಕಿನ ಮುಂದೆ ಮಂಡಿಯೂರಿದಳು.

ಆರ್ವಿಡ್ ಅವಳ ಹಿಂದೆ ನಿಂತ. ಇಷ್ಟೇ ಬೆಳೆದದ್ದು. ಎರಡೇ ಪದ, ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ನಡೀನ್ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಾಡಿತು.

"ಅಯ್ಯೋ ನನ್ನ ಬಂಗಾರ. ಬಣ್ಣ ನೋಡೇ ಡೊರೀನ್, ಅದೇ ಬಣ್ಣ."

"ಅರ್ಧ ಕೊಂದುಬಿಟ್ಟೆ" ಎಂದ ಆರ್ವಿಡ್.

ಬಾಯಿಪಾಠ ಮಾಡಿದ್ದೊಂದು, ಬಂದದ್ದೊಂದು. ಅಡುಗೆಮನೆಯಲ್ಲಿ ತಟ್ಟೆಯ ಸದ್ದು ನಿಂತಿತು. ಅವನು ತಡೆಯದೆ ಎಲ್ಲವನ್ನೂ ಹೇಳಿದ: ಉದ್ದ ಗಿಡ್ಡ ಕಾಲಿನ ನಕ್ಷತ್ರಗಳು, ಚಿಗಟಗಳು, ಪಿಚಕಾರಿ, ಬಿಳಿಚಿದ ಬುಡ, ಇಕ್ಕಳ, ಔಷಧ, ಹೆಚ್ಚಿನ ಮುಚ್ಚಳ, ಕಸದ ಬುಟ್ಟಿ. ನಡೀನ್ ತಿರುಗಿ ಅವನನ್ನು ನೋಡುತ್ತಲೇ ಇದ್ದಳು. ಅವಳ ಮುಖ ಕೆಂಪಾಗುತ್ತ ಬಂತು.

"ಅಂಗೈಯಗಲ ಆಗಿತ್ತಾ?"

"ಹೂಂ."

"ನಂಗೊಂದು ಫೋನ್ ಮಾಡೋಕೆ ಏನ್ ಬಂದಿತ್ತೋ ನಿಂಗೆ ರೋಗ?"

"ಹೆದರಿದ್ದೆ."

"ಯಾರಿಗೆ? ನಂಗಾ, ಹುಳಕ್ಕಾ?" ಎಂದು ಗದರಿದಳು. ಉತ್ತರಕ್ಕೆ ಕಾಯಲಿಲ್ಲ. "ಎಲ್ಲಿವೆ ಆ ರಾಕ್ಷಸರು? ತೋರ್ಸು."

ಆರ್ವಿಡ್ ಜಾಡಿ ತಂದು ಕೊಟ್ಟ. ವಿನೆಗರಿನಲ್ಲಿ ನಕ್ಷತ್ರಗಳು ತಳಕ್ಕೆ ಕೂತಿದ್ದವು. ನಡೀನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೇನೋ ಇದು, ಉಪ್ಪಿನಕಾಯಿ ಹಾಕಿದೀಯಾ?"

ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದಳು. ಆಮೇಲೆ ಗಾಜಿನ ಹತ್ತಿರ ಹೋಗಿ, ಹಸಿರು ಪಾಚಿ ತೆಳುವಾಗಿ ಹಿಡಿದಿದ್ದ ಮೂಲೆಯನ್ನು ಬೆರಳಿಟ್ಟು ತೋರಿಸಿದಳು. ಪಾಚಿಯ ಮೇಲೆ ಅಂಕುಡೊಂಕಾಗಿ ಸ್ವಚ್ಛ ಗೆರೆಗಳು ಎಳೆದಂತಿದ್ದವು.

"ಇದು ನೋಡು. ಅವು ನಡೆದ ದಾರಿ. ಪಾಚಿ ನೆಕ್ಕೊಂಡು ಹೋಗಿವೆ. ಹವಳ ತಿನ್ನೋ ಜಾತಿ ಹವಳ ಬಿಟ್ಟು ಇಳಿಯಲ್ಲ, ಗಾಜು ನೆಕ್ಕೋಕೆ ಅದಕ್ಕೇನು ಗ್ರಹಚಾರ? ಕಾಲು ಉದ್ದ ಗಿಡ್ಡ ಇದೆ ಅಂತ ಹೆದರಿದ್ಯಲ್ಲ, ಅವು ತಾವೇ ಎರಡಾಗಿ ಹರ್ಕೊಳ್ತವೆ. ಇಲ್ಲದ ಅರ್ಧ ಆಮೇಲೆ ಬೆಳೀತದೆ. ಆ ಓಡಾಡೋ ಚಿಗಟಗಳು ಮೀನಿಗೆ ಊಟ. ಯಾವುದೂ ಯಾರಿಗೂ ಏನೂ ಮಾಡಲ್ಲ."

"ಬುಡ ಬಿಳಿಚಿದ್ದು?"

"ಬುಡಕ್ಕೆ ಬೆಳಕಿಲ್ಲ, ಅದಕ್ಕೆ. ಸತ್ತ ಚರ್ಮ ಗುಡಿಸೋಕೆ ಅದು ಹೋಗಿ ಕೂತಿತ್ತು. ದಿನಾ ನಿನ್ನ ಮುಖಕ್ಕೆ ಯಾರಾದ್ರೂ ಪಿಚಕಾರಿ ಹೊಡೆದಿದ್ರೆ ನೀನೂ ಬಿಳಿಚ್ಕೊಂಡಿರ್ತಿದ್ದೆ."

ಆರ್ವಿಡ್‌ಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಏನೂ ಮಾಡದ ಜೀವಿಗಳಿಗೆ ಹೆದರಿ ಅರ್ಧ ನೇರಳೆಯನ್ನು ಕೊಂದಿದ್ದ. ಬಕೆಟ್ ತೆಗೆದುಕೊಂಡು ಉಳಿದ ತುಂಡಿಗೆ ಕೈ ಹಾಕಹೋದ.

"ತಗೊಂಡು ಹೋಗು ಮಾರಾಯ್ತಿ. ನನ್ನ ಕೈಗೆ ಸಿಗದಷ್ಟು ದೂರ ಒಯ್ದುಬಿಡು."

ನಡೀನ್ ಅವನ ಮಣಿಕಟ್ಟು ಹಿಡಿದಳು. ಅವಳ ಧ್ವನಿಯಲ್ಲಿ ಈಗ ಆ ಗದರಿಕೆ ಇರಲಿಲ್ಲ.

"ಟ್ಯಾಂಕ್ ರೆಡಿ ಅಂದ್ನಲ್ಲ, ಸುಳ್ಳು ಕಣೋ. ನೀರಿದೆ, ಕಲ್ಲಿದೆ, ದೀಪ ಇದೆ. ಎಲ್ಲಾ ಹೊಸಾದು, ಯಾವುದ್ರಲ್ಲೂ ಜೀವ ಇಲ್ಲ. ತೊಳೆದಿಟ್ಟ ಪಾತ್ರೆ ಥರ ಇದೆ. ದಿನಾ ಟಾರ್ಚ್ ಹಾಕ್ಕೊಂಡು ಹುಡುಕ್ತೀನಿ, ಏನಾದ್ರೂ ಅಲ್ಲಾಡುತ್ತಾ ಅಂತ. ಒಂದು ಹುಳ ಇಲ್ಲ. ಮಂಜು ಬಿದ್ದಾಗಿನಿಂದ ಆ ಮನೇಲಿ ಉಸಿರಾಡೋದು ನಾನೊಬ್ಬಳೇ." ಕಣ್ಣೊರೆಸಿಕೊಂಡಳು. "ಕೂಸನ್ನ ತಂದಿಟ್ರೆ ಎಲ್ಲಾ ಸರಿಹೋಗುತ್ತೆ ಅನ್ಕೊಂಡಿದ್ದೆ. ಈಗ ಈ ಗಾಜಿನ ಮೇಲಿನ ದಾರಿ ನೋಡಿದ್ಮೇಲೆ ಗೊತ್ತಾಗ್ತಿದೆ. ಇಂಥ ಸಣ್ಣ ಜೀವಗಳೇ ಇಲ್ಲದ ನೀರಲ್ಲಿ ಹವಳ ಒಂದು ವಾರ ಬದುಕಲ್ಲ. ನಾನೇ ಕೊಲ್ತಿದ್ದೆ, ಪೂರ್ತಿ."

"ಮತ್ತೆ?"

"ಮೊದ್ಲು ನಿನ್ನ ರಾಕ್ಷಸರು ಬೇಕು ನಂಗೆ. ಅವು ಬದುಕಿದ್ರೆ ಆಮೇಲೆ ಕೂಸು. ಒಂದು ನಾಲ್ಕು ಜೀವ ಇರೋವು ಹಿಡಿದು ಕೊಡು."

ಆರ್ವಿಡ್ ಗಾಜು ನೋಡಿದ. ಮುಂದಿನ ಗಾಜಿನಲ್ಲಿ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ವಾರವೆಲ್ಲ ಕಿತ್ತಷ್ಟೂ ಹೊರಬರುತ್ತಿದ್ದವುಗಳಲ್ಲಿ ಈಗ ಒಂದೂ ಕಾಣಲಿಲ್ಲ. ನಿನ್ನೆ ಎಷ್ಟು ಕಿತ್ತನೋ ಅವನಿಗೇ ನೆನಪಿರಲಿಲ್ಲ. ಎಲ್ಲವೂ ವಿನೆಗರಿನಲ್ಲಿದ್ದವು. ಇವನ್ನೂ ಕೊಂದೆನೇ, ಇವನ್ನೂ? ಕುರ್ಚಿ ಎಳೆದು ಹತ್ತಿ, ಅಂಗಿಯ ತೋಳನ್ನೂ ಮಡಿಸದೆ ಭುಜದವರೆಗೆ ನೀರಿಗೆ ಕೈ ಬಿಟ್ಟ. ಒಂದು ಕಲ್ಲು ಎತ್ತಿದ. ಇಲ್ಲ. ಇನ್ನೊಂದು ಎತ್ತಿದ. ಇಲ್ಲ. ನಡೀನ್ ಟಾರ್ಚ್ ಹಿಡಿದು ಒಂದು ಪಕ್ಕದಲ್ಲಿ, ಡೊರೀನ್ ಕನ್ನಡಕ ಏರಿಸಿಕೊಂಡು ಇನ್ನೊಂದು ಪಕ್ಕದಲ್ಲಿ. ಪಾಸ್ಟಿಗಳು ಮೇಜಿನ ಮೇಲೆ ಆರುತ್ತಿದ್ದವು.

"ಸಿಗದಿದ್ರೆ?" ಎಂದ ಆರ್ವಿಡ್.

"ಮಾತಾಡ್ಬೇಡ, ಹುಡುಕು" ಎಂದಳು ನಡೀನ್. ಅವಳಿಗೂ ಹೆದರಿಕೆಯಾಗಿತ್ತು.

"ಕಾಲಿದೆ!" ಎಂದು ಡೊರೀನ್ ಕಿರುಚಿದಳು. "ಹಿಂದುಗಡೆ, ಪೈಪಿನ ಬುಡದಲ್ಲಿ. ಕಾಲಿದೆ ಅದಕ್ಕೆ!"

ಇತ್ತು. ಅದರ ಪಕ್ಕದಲ್ಲಿ ಇನ್ನೊಂದು, ಪೈಪಿನ ಹಿಂದೆ ಇಡೀ ಸಂಸಾರವೇ ಇತ್ತು. ಆರ್ವಿಡ್ ಈ ಸಲ ಚಿಮಟ ಮುಟ್ಟಲಿಲ್ಲ. ಉಗುರಿನ ತುದಿಯಿಂದ ಒಂದೊಂದನ್ನೇ ಬಿಡಿಸಿ, ಡೊರೀನ್ ತೊಳೆದು ತಂದ ಬಾಟಲಿಗೆ ಟ್ಯಾಂಕಿನ ನೀರಿನ ಸಮೇತ ಇಳಿಸಿದ. ಜೊತೆಗೊಂದು ಪಾಚಿ ಹಿಡಿದ ಪುಟ್ಟ ಕಲ್ಲನ್ನೂ ಹಾಕಿದ, ಅದರ ತುಂಬ ಚಿಗಟಗಳು.

ನಡೀನ್ ಬಾಟಲಿಯನ್ನು ಕೋಟಿನೊಳಗೆ ಸೇರಿಸಿಕೊಂಡು ಗುಂಡಿ ಹಾಕಿಕೊಂಡಳು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ.

"ನೇರಳೆ?" ಎಂದ ಆರ್ವಿಡ್.

"ಇಲ್ಲೇ ಇರ್ಲಿ. ಇವಕ್ಕೆ ನನ್ನ ಮನೇಲಿ ಮೊಮ್ಮಕ್ಕಳಾಗೋವರ್ಗೂ."

"ನಡೀನ್, ಬೇಡ. ಬೇರೆ ಯಾರಿಗಾದ್ರೂ ಕೊಡು. ಅರ್ಧ ಕೊಂದೋನು ನಾನು."

"ಅದಕ್ಕೇ ನಿಂಗೆ. ಬೇರೆ ಯಾರೇ ಆದ್ರೂ ಒಂದಲ್ಲ ಒಂದಿನ ಹೆದರ್ಕೊಂಡು ಔಷಧ ಹಾಕ್ತಾರೆ. ನೀನು ಸತ್ರೂ ಹಾಕಲ್ಲ."

ಅವಳು ಬೂಟು ಹಾಕಿಕೊಳ್ಳಲು ಬಗ್ಗಿದಳು. ಬಾಟಲಿ ಅಲುಗಬಾರದೆಂದು ಒಂದು ಕೈ ಎದೆಯ ಮೇಲೇ ಇತ್ತು, ಒಂದೇ ಕೈಯಲ್ಲಿ ಲಾಡಿ ಕಟ್ಟಲಾಗಲಿಲ್ಲ. ಆರ್ವಿಡ್ ಒದ್ದೆ ತೋಳಿನಲ್ಲೇ ಅವಳ ಮುಂದೆ ಮಂಡಿಯೂರಿ ಕೂತ. ಅವನಿಗೆ ಅಳು ಬರುತ್ತಿತ್ತು, ಹೆದರಿಕೆ ಹಾಗೇ ಇತ್ತು. ಎರಡೂ ಬೂಟುಗಳ ಲಾಡಿಯನ್ನು ಬಿಗಿಯಾಗಿ ಕಟ್ಟಿದ.